ಅಳೋ ಮೇಡಂ

ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಸಾಲಿನಲ್ಲಿ ಈ ವಾರದಿಂದ ನನ್ನ ಹೆಸರು ‘ಅಳೋ ಮೇಡಂ’. ಟೀ ತರುವ ಹುಡುಗ ಲೋಟ ಇಡುವಾಗ ದನಿ ತಗ್ಗಿಸಿ, ‘ಸಕ್ಕರೆ ಜಾಸ್ತಿ ಹಾಕಿಸ್ಲಾ ಅಕ್ಕಾ?’ ಅಂತಾನೆ. ನನ್ನ ಗಂಡ ವಿಪರೀತ ಕುಡೀತಾರಂತೆ ಎಂಬ ಸುದ್ದಿ, ಪಕ್ಕದ ಪತ್ರ ಬರಹಗಾರರ ಮೂಲಕ ಸುತ್ತು ಹೊಡೆದು ನನ್ನ ಕಿವಿಗೇ ಬಂದು ಬಿದ್ದಿದೆ. ಪಾಪ, ಆ ಮನುಷ್ಯ ಕುಡಿಯುವುದು ಜೀರಿಗೆ ಕಷಾಯ.

ನನಗಿರುವ ಕಾಯಿಲೆಯ ಹೆಸರು ಡ್ರೈ ಐ. ಕಣ್ಣು ಒಣಗಿದ್ದರೆ ನೀರು ಹೇಗೆ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಡಾಕ್ಟರನ್ನು ನಾನೂ ಅದನ್ನೇ ಕೇಳಿದ್ದೆ. ಕಣ್ಣಿನ ಮೇಲೆ ತೆಳ್ಳಗೆ ನೀರಿನ ಪೊರೆ ಇರುತ್ತದಂತೆ. ಅದು ಕಣ್ಣಿಗೆ ಹತ್ತಿಕೊಳ್ಳಲು ಒಂದಿಷ್ಟು ಲೋಳೆ, ಆರದಂತೆ ಕಾಯಲು ಮೇಲೊಂದು ಎಣ್ಣೆಯ ಪದರ. ಎಣ್ಣೆ ಬರಬೇಕಾದ್ದು ರೆಪ್ಪೆಯಂಚಿನ ಪುಟ್ಟ ಗ್ರಂಥಿಗಳಿಂದ. ಅವುಗಳ ಬಾಯಿ ಕಟ್ಟಿದರೆ ನೀರು ಬೇಗ ಆರಿ ಕಣ್ಣು ಉರಿಯುತ್ತದೆ, ಉರಿಗೆ ಗಾಬರಿಯಾದ ಕಣ್ಣು ಬಳಬಳ ನೀರು ಸುರಿಸುತ್ತದೆ, ಎಣ್ಣೆಯಿಲ್ಲದ ಆ ನೀರು ಅಲ್ಲಿ ನಿಲ್ಲಲಾರದೆ ಕೆನ್ನೆಗಿಳಿಯುತ್ತದೆ. ಕಣ್ಣೀರು ಎಷ್ಟು ಬರುತ್ತದೆ ಅಂತ ಅಳೆಯಲು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸಿದ ಪರೀಕ್ಷೆಯಲ್ಲಿ ನಾನು ಪಾಸು. ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯಬೇಡಿ ಎಂದು ಕೂರಿಸಿದ್ದರಲ್ಲಿ ಢಮಾರ್. ಪೊರೆ 10 ಸೆಕೆಂಡಾದರೂ ನಿಲ್ಲಬೇಕಂತೆ, ನನ್ನದು 4ಕ್ಕೇ ಒಡೆಯಿತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ಮನುಷ್ಯ, ಕಂಪ್ಯೂಟರ್ ಮುಂದೆ ಕೂತರೆ ಐದಾರು ಸಲಕ್ಕೆ ಇಳಿಯುತ್ತಾನೆ. ಸರ್ವೆ ನಂಬರ್ ಟೈಪ್ ಮಾಡುವಾಗ ನಾನು ಅಷ್ಟೂ ಬಡಿಯುವುದಿಲ್ಲವೇನೋ. 84/2 ಹೋಗಿ 48/2 ಆದರೆ ಯಾರದೋ ತೋಟ ಯಾರಿಗೋ ಹೋಗುತ್ತದಲ್ಲ!

ಮೇಲೆ ಫ್ಯಾನು. ಆಷಾಢದ ಮಳೆ ಹೊಡೆಯುತ್ತಿದೆ, ಉಪ್ಪಿನ ಡಬ್ಬಿ ನೀರಾಗಿದೆ, ಮಗನ ಯೂನಿಫಾರಂ ಬಚ್ಚಲ ಒಲೆ ಮೇಲೆ ನೇತಾಡಿ ಹೊಗೆ ವಾಸನೆ ಹಿಡಿದಿದೆ, ಮುಳ್ಳಯ್ಯನಗಿರಿ ಅಂತ ಒಂದು ಬೆಟ್ಟ ಇತ್ತು ಅನ್ನುವುದೇ ಮರೆತುಹೋಗಿದೆ. ಇಂಥ ಚಿಕ್ಕಮಗಳೂರಲ್ಲಿ ಈಗ ಒಣಗಿರುವುದು ಎರಡೇ: ನನ್ನ ಕಣ್ಣು, ನಮ್ಮ ಓನರ್ ಇಟ್ಟುಕೊಂಡಿರುವ ಪೇಪರ್ ಬಂಡಲ್ಲು. ಪೇಪರ್ ಥಂಡಿ ಹಿಡಿದರೆ ಮೆಷಿನ್ನಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಚಳಿಯಲ್ಲೂ ಫ್ಯಾನ್ ಐದರಲ್ಲಿ. ಒಂಚೂರು ಕಡಿಮೆ ಮಾಡಿ ಸಾರ್ ಅಂದರೆ, ‘ನಿಮ್ಮ ಕಣ್ಣಿಗಾದ್ರೆ ಡ್ರಾಪ್ಸ್ ಇದೆ. ಮೆಷಿನ್ ಕೈಕೊಟ್ರೆ ಹಾಸನದಿಂದ ಮೆಕ್ಯಾನಿಕ್ ಬರ್ಬೇಕು’ ಅಂತಾರೆ. ಸ್ವೆಟರ್ ಹಾಕಿಕೊಂಡು ಫ್ಯಾನ್ ಕೆಳಗೆ ಕೂರುವ ನೌಕರಿ ಯಾರಿಗುಂಟು ಯಾರಿಗಿಲ್ಲ.

ಇನ್ನು ನಮ್ಮ ಗೌಡರ ವಿಷಯ. ಗಿರಿ ಕಡೆಯವರು, ಅಣ್ಣ ತಮ್ಮಂದಿರ ವಿಭಾಗ ಪತ್ರ ಮಾಡಿಸಲು ಬಂದಿದ್ದ ತಮ್ಮ. ಜಗಳ ಇದ್ದದ್ದು ಕಾಫಿ ಕಣದ ಮೇಲೆ. ತೋಟ ಎರಡು ಪಾಲಾಗಿತ್ತು, ಕಾಫಿ ಒಣಗಿಸುವ ಕಣ ಮಾತ್ರ ಅಣ್ಣನಿಗೆ. ಚೆಕ್ಕುಬಂದಿ ಹೇಳುತ್ತಾ ಗೌಡರು ‘ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಅಣ್ಣನ ಕಣ...’ ಅನ್ನುವ ಹೊತ್ತಿಗೆ ಸರಿಯಾಗಿ ನನ್ನ ಎಡಗಣ್ಣಿಂದ ಹನಿ ಜಾರಿ ಸ್ಪೇಸ್ ಬಾರ್ ಮೇಲೆ ಬಿತ್ತು. ಹಿಂದೆಯೇ ಬಲಗಣ್ಣೂ ಶುರು. ಗೌಡರು ಓದುವುದನ್ನು ನಿಲ್ಲಿಸಿದರು. ‘ನೋಡಮ್ಮ, ನೀನು ಯಾರೋ ಏನೋ. ನಿನ್ನ ಕರುಳೂ ಚುರ್ ಅಂತು. ಒಡಹುಟ್ಟಿದೋನಿಗೆ ಅನ್ಲಿಲ್ಲ.’ ನಾನು ‘ಇಲ್ಲ ಗೌಡ್ರೇ, ಇದು ಎಣ್ಣೆ ಗ್ರಂಥಿ...’ ಅಂದೆ. ಅಳುವವರು ಆಡುವ ಮಾತನ್ನು ಯಾರು ಕೇಳುತ್ತಾರೆ?

ಮರುದಿನ ಅಣ್ಣನನ್ನು ಕರೆದುಕೊಂಡೇ ಬಂದರು. ನನ್ನನ್ನು ತೋರಿಸಲು! ಇಬ್ಬರೂ ಒದ್ದೆ ಕೊಡೆ ಹಿಡಿದು ಮಾನಿಟರ್ ಪಕ್ಕ ನಿಂತು ನನ್ನ ಮುಖವನ್ನೇ ನೋಡತೊಡಗಿದರು. ಆವತ್ತು ಓನರ್ ಬಂದಿರಲಿಲ್ಲ, ಫ್ಯಾನ್ ಆರಿಸಿದ್ದೆ. ಕಣ್ಣು ಅಪರೂಪಕ್ಕೆ ತಣ್ಣಗಿತ್ತು.

‘ಎಲ್ಲಿ ಅಳ್ತಿದಾರೋ ಮಾರಾಯ?’ ಅಂದರು ಅಣ್ಣ.

‘ತಡಿ. ಟೈಪ್ ಮಾಡಮ್ಮ, ಕಣದ ಹತ್ರ ಬಂದ್ರೆ ಶುರುವಾಗ್ತದೆ.’

ಟೈಪ್ ಮಾಡಿದೆ. ಕಣ ಬಂತು, ಹಳ್ಳ ಬಂತು, ಗಿರಾಕಿ ಕಾಯುತ್ತಿದ್ದಾರಲ್ಲ ಅಂತ ಒಮ್ಮೆ ಪ್ರಾಮಾಣಿಕವಾಗಿ ಪ್ರಯತ್ನವನ್ನೂ ಪಟ್ಟೆ. ಒಂದು ಹನಿ ಇಲ್ಲ. ತಮ್ಮನ ಮುಖ ಬಾಡಿತು. ಅಣ್ಣನಿಗೆ ಹುರುಪು ಬಂದು ತನ್ನ ಕಡೆಯ ಕಥೆ ತೆಗೆದರು: ಅಪ್ಪನ ಸಾಲ ತೀರಿಸಿದ್ದು ತಾನು, ತಂಗಿ ಮದುವೆ ಮಾಡಿದ್ದು ತಾನು, ಕಣಕ್ಕೆ ಸಿಮೆಂಟ್ ಹಾಕಿಸಿದ್ದೂ ತಾನೇ. ಅಷ್ಟರಲ್ಲಿ ಓನರ್ ಮಳೆಯಿಂದ ಒಳಗೆ ಬಂದವರೇ ಅಭ್ಯಾಸಬಲದಿಂದ ಫ್ಯಾನ್ ಐದಕ್ಕಿಟ್ಟರು. ಸಿಮೆಂಟಿನ ಮಾತು ಮುಗಿಯುವ ಮೊದಲೇ ನನ್ನ ಎರಡೂ ಕಣ್ಣು ಧಾರಾಕಾರ.

‘ನೋಡ್ದ್ಯಾ! ನ್ಯಾಯ ಯಾರ ಕಡೆ ಇದೆ ಅಂತ ಗೊತ್ತಾಯ್ತಾ?’ ಅಂದರು ಅಣ್ಣ.

ತಮ್ಮ ಈಗ ನನ್ನನ್ನು ಮಾತಾಡಿಸುವುದಿಲ್ಲ. ಟೈಪಿಂಗ್ ದುಡ್ಡೂ ಬಂದಿಲ್ಲ.

ಮನೆಯಲ್ಲಿ ಡ್ರಾಪ್ಸ್ ಬಿಡುವ ಕೆಲಸ ನಮ್ಮ ಯಜಮಾನರದು. ನಾನು ಕಣ್ಣು ಬಿಟ್ಟರೆ ಬಾಯೂ ಬಿಡುತ್ತೇನೆ ಅಂತ ಅವರಿಗೆ ನಗು. ಒಂದು ಹನಿ ಸಾಕು ಅಂದರೆ ಮೂರು ಸುರಿಯುತ್ತಾರೆ, ‘ಒಂದಾದ್ರೂ ಒಳಗೆ ಹೋಗಿರುತ್ತೆ ಬಿಡು’ ಅಂತ. ಒಂದು ಹನಿ ಸುಮಾರು 50 ಮೈಕ್ರೋಲೀಟರ್, ಕಣ್ಣು ಹಿಡಿಯುವುದೇ ಸುಮಾರು 30. ಮೊದಲನೆಯ ಹನಿಯೇ ಹೆಚ್ಚಾಯಿತು, ಉಳಿದದ್ದೆಲ್ಲ ದಿಂಬಿನ ಪಾಲು. ಸೀಸೆ ತೆರೆದ ಮೇಲೆ ತಿಂಗಳಲ್ಲಿ ಮುಗಿಸಬೇಕು ಅಂದದ್ದಕ್ಕೆ ಇಷ್ಟು ಉದಾರ ಅಂತ ಕಾಣುತ್ತದೆ. ಅತ್ತೆಯವರಿಗೆ ಡ್ರಾಪ್ಸ್ ಮೇಲೇ ನಂಬಿಕೆಯಿಲ್ಲ. ನಂದಿಬಟ್ಟಲು ಹೂ ತಂದು ಕಣ್ಣ ಮೇಲಿಟ್ಟು ಮಲಗಿಸುತ್ತಾರೆ. ಆರಾಮವೇನೋ ಆಗುತ್ತದೆ. ಹೂವಿಗೋ, ಮಲಗಿದ್ದಕ್ಕೋ ತಿಳಿಯದು.

ಡಾಕ್ಟರ್ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಬಿಸಿ ಶಾಖ. ಶುಭ್ರವಾದ ಬಟ್ಟೆ ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣ ಮೇಲೆ ಐದರಿಂದ ಹತ್ತು ನಿಮಿಷ. ಗಟ್ಟಿಯಾದ ಎಣ್ಣೆ ಕರಗಲಿ ಅಂತ. ಆಮೇಲೆ ರೆಪ್ಪೆಯಂಚನ್ನು ಮೆಲ್ಲಗೆ ನೀವಬೇಕು. ಮೊದಲ ದಿನ ಬಟ್ಟೆ ಕಣ್ಣಿಗೆ ಒತ್ತಿದ ತಕ್ಷಣ ಅಮ್ಮನ ನೆನಪಾಯಿತು. ಕಣ್ಣಿಗೆ ಕಸ ಬಿತ್ತು ಅಂದರೆ ಸೆರಗಿನ ತುದಿ ಉಂಡೆ ಮಾಡಿ, ಬಾಯಿಗಿಟ್ಟು ಹಾ ಅಂತ ಉಸಿರು ಊದಿ, ಆ ಬಿಸಿಯನ್ನು ಕಣ್ಣಿಗೆ ಒತ್ತುತ್ತಿದ್ದಳು. ಸೆರಗಿನಲ್ಲಿ ಒಗ್ಗರಣೆಯ ಇಂಗಿನ ವಾಸನೆ. ಅಮ್ಮ ಹೋಗಿ ಕಾಲವಾಯಿತು. ಈಗ ಕಸ ಬಿದ್ದರೆ ನಲ್ಲಿ ನೀರು.

ಇಪ್ಪತ್ತು ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಬೇಕು ಅಂತಲೂ ಹೇಳಿದ್ದಾರೆ. ಅಂಗಡಿ ಉದ್ದ ಹನ್ನೆರಡಡಿ. ಹಾಗಾಗಿ ರಸ್ತೆಯಾಚೆ ನೋಡುತ್ತೇನೆ. ಮೊನ್ನೆ ಹಾಗೆ ಶೂನ್ಯ ನೋಡುತ್ತಾ ರೆಪ್ಪೆ ಬಡಿಯುತ್ತಿದ್ದಾಗ ಟೀ ಹುಡುಗ ಓನರ್ ಬಳಿ ಹೋಗಿ, ‘ಅಕ್ಕನ್ನ ಮನೆಗೆ ಕಳಿಸಿ ಸಾರ್’ ಅಂದನಂತೆ.

ಗೌಡರ ಪತ್ರ ಇನ್ನೂ ನೋಂದಣಿಯಾಗಿಲ್ಲ. ಅಣ್ಣ ಮದುವೆ ಮಾಡಿಕೊಟ್ಟ ಆ ತಂಗಿಗೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು ಅಂತ ಯಾರೋ ಹೇಳಿದ್ದಾರೆ. ಗುರುವಾರ ಬರುತ್ತಾಳಂತೆ, ತನ್ನ ಕಥೆ ಹೇಳಲು. ಆವತ್ತು ಫ್ಯಾನ್ ನಾನೇ ಹಾಕೋಣ ಅಂತಿದ್ದೇನೆ.