ನಡೆಯುವವರನ್ನೂ ಎಣಿಸಬೇಕು

ರಸ್ತೆ ಅಗಲಗೊಳಿಸುವ ಮುನ್ನ ಗಂಟೆಗೆ ಎಷ್ಟು ಕಾರು, ಬಸ್ಸು, ಲಾರಿಗಳು ಓಡುತ್ತವೆಂದು ಎಣಿಸುವುದು ವಾಡಿಕೆ. ಅಲ್ಲಿ ಎಷ್ಟು ಜನ ನಡೆದು ಹೋಗುತ್ತಾರೆಂದು ಕೇಳಿದರೆ ಬಹಳಷ್ಟು ಕಡತಗಳಲ್ಲಿ ಉತ್ತರವೇ ಇರುವುದಿಲ್ಲ. ಹೀಗಾಗಿ ವಾಹನಗಳಿಗೆ ಕೊಟ್ಟು ಮಿಕ್ಕ ಜಾಗವೇ ಫುಟ್‌ಪಾತ್ ಎನಿಸಿಕೊಳ್ಳುತ್ತದೆ.

ಈ ಎಣಿಕೆ ಹೊಸದೇನಲ್ಲ. 1962ರಲ್ಲಿ ವಾಹನಮುಕ್ತವಾದ ಕೋಪನ್‌ಹೇಗನ್‌ನ ಸ್ಟ್ರಾಯೆಟ್ ಬೀದಿಯಲ್ಲಿ ವಾಸ್ತುಶಿಲ್ಪಿ ಯಾನ್ ಗೆಲ್ ಅದೇ ದಶಕದಲ್ಲಿ ಜನರ ಓಡಾಟವನ್ನು ದಾಖಲಿಸತೊಡಗಿದರು. ಮೆಲ್ಬರ್ನ್‌ನಲ್ಲಿ 2009ರಿಂದ ಸೆನ್ಸರ್‌ಗಳು ಗಂಟೆಗಂಟೆಯ ಲೆಕ್ಕ ಇಡುತ್ತಿವೆ.

ಆದರೆ ತಲೆ ಎಣಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಒಂದು ಕಡೆ ಅಪಘಾತವೇ ಆಗಿಲ್ಲವೆಂದರೆ ಅದು ಸುರಕ್ಷಿತ ಜಾಗವಾಗಿರಬಹುದು, ಇಲ್ಲವೇ ಜನ ಹೆದರಿ ಅಲ್ಲಿ ರಸ್ತೆ ದಾಟುವುದನ್ನೇ ಬಿಟ್ಟಿರಬಹುದು. ದಾಟುವವರ ಸಂಖ್ಯೆ ಕೈಯಲ್ಲಿಲ್ಲದೆ ಇವೆರಡರ ವ್ಯತ್ಯಾಸ ಗೊತ್ತಾಗದು. ಎಲ್ಲಿ ನಿಂತು ಎಣಿಸುತ್ತೇವೆ ಎಂಬುದೂ ಮುಖ್ಯ. ಬಸ್ ನಿಲ್ದಾಣದ ಎದುರಿಗೇ ಜನ ಡಿವೈಡರ್ ಹತ್ತಿಳಿಯುತ್ತಿರುವಾಗ ದೂರದ ಜೀಬ್ರಾ ಪಟ್ಟಿಯ ಬಳಿ ಕುಳಿತು ಬರೆದುಕೊಂಡ ಅಂಕಿಯಿಂದ ಏನು ಪ್ರಯೋಜನ? ಆ ಜನರನ್ನು ಅಶಿಸ್ತಿನವರೆಂದು ಬೈಯುವುದು ಸುಲಭ. ದಾಟುವ ಜಾಗವನ್ನೇ ನಿಲ್ದಾಣದ ಹತ್ತಿರಕ್ಕೆ ತರುವುದು ವಿವೇಕ.

ನಡಿಗೆಯ ವೇಗವನ್ನೂ ಅಳೆಯಬೇಕು. ಸಿಗ್ನಲ್‌ನ ಅವಧಿ ಗೊತ್ತುಮಾಡುವಾಗ ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆಯನ್ನು ಆಧಾರವಾಗಿಟ್ಟುಕೊಳ್ಳುವ ರೂಢಿ ಅನೇಕ ಕಡೆ ಇದೆ. ಆ ಲೆಕ್ಕದಲ್ಲಿ 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡು ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವ ಮುದುಕಿಗೆ ಹದಿನೇಳೂವರೆ ಸೆಕೆಂಡು ಬೇಕು. 12 ಸೆಕೆಂಡು ಮುಗಿದಾಗ ಆಕೆಗೆ ಇನ್ನೂ ನಾಲ್ಕು ಮೀಟರಿಗಿಂತ ಹೆಚ್ಚು ದಾರಿ ಉಳಿದಿರುತ್ತದೆ, ಅಷ್ಟರಲ್ಲಿ ಹಾರ್ನ್ ಶುರುವಾಗಿರುತ್ತದೆ. ಸರಾಸರಿಯನ್ನಷ್ಟೇ ನೋಡುವ ಎಂಜಿನಿಯರಿಗೆ ಈ ನಾಲ್ಕು ಮೀಟರ್ ಕಾಣುವುದೇ ಇಲ್ಲ. ಆದ್ದರಿಂದ ಮಕ್ಕಳು, ವೃದ್ಧರು, ಗಾಲಿಕುರ್ಚಿಯವರು ಎಷ್ಟು, ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಬರೆದುಕೊಳ್ಳಬೇಕು. ಇದಕ್ಕೆ ಮುಖ ಗುರುತಿಸುವ ಕ್ಯಾಮೆರಾ ಖಂಡಿತ ಬೇಡ. ಕಾಗದ, ಪೆನ್ನು ಹಿಡಿದ ಇಬ್ಬರು ಸಾಕು.

ಬದಲಾವಣೆ ಮಾಡಿದ ಮೇಲೆ ಮತ್ತೆ ಅಳೆಯುವ ಅಭ್ಯಾಸವಂತೂ ಅಪರೂಪ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ಬ್ರಾಡ್‌ವೇಯನ್ನು ವಾಹನಗಳಿಗೆ ಮುಚ್ಚಿದ್ದು ಪ್ರಯೋಗವೆಂದೇ. ಯೋಜನೆಯ ವ್ಯಾಪ್ತಿಯಲ್ಲಿ ಪಾದಚಾರಿಗಳಿಗಾಗುವ ಗಾಯಗಳು ಶೇ. 35ರಷ್ಟು ಇಳಿದದ್ದು ಲೆಕ್ಕದಲ್ಲಿ ಕಂಡ ಮೇಲೆ, 2010ರಲ್ಲಿ ನಗರಾಡಳಿತ ಅದನ್ನು ಕಾಯಂ ಮಾಡಿತು.