ಜೇಡ್ ಜೀರುಂಡೆಗಳೆಲ್ಲ ಶವದ ಬಾಯಿಂದ ಬಂದವೇ?

ಜೇಡ್ ಎಂಬ ಬೆಲೆಬಾಳುವ ಕಲ್ಲಿನಲ್ಲಿ ಕೆತ್ತಿದ ಚೀನಾದ ಹಳೆಯ ಜೀರುಂಡೆಗಳೆಲ್ಲ ಶವಗಳ ಬಾಯಿಂದ ತೆಗೆದವು, ಆದ್ದರಿಂದ ಅಶುಭ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಅದರಲ್ಲಿರುವುದು ಅರ್ಧ ಸತ್ಯ. ಹಾನ್ ರಾಜವಂಶದ ಕಾಲದಲ್ಲಿ (ಕ್ರಿ.ಪೂ. 206 – ಕ್ರಿ.ಶ. 220) ಮೃತರ ನಾಲಿಗೆಯ ಮೇಲೆ ಜೇಡ್ ಜೀರುಂಡೆಯನ್ನು ಇಡುತ್ತಿದ್ದುದು ನಿಜ. ವರ್ಷಗಟ್ಟಲೆ ಮಣ್ಣಿನೊಳಗಿದ್ದು, ಹೊರಬಂದು, ಪೊರೆ ಕಳಚಿ ರೆಕ್ಕೆ ಬಿಚ್ಚುವ ಈ ಕೀಟದಲ್ಲಿ ಅಲ್ಲಿನ ಜನ ಮರುಹುಟ್ಟನ್ನು ಕಂಡಿದ್ದರು. ಹೀಗಿರುವಾಗ ಅದನ್ನು ಅಶುಭವೆನ್ನುವುದು ಅವರ ಭಾವನೆಗೆ ಮಾಡುವ ಅನ್ಯಾಯವೆಂದೇ ನನಗೆ ತೋರುತ್ತದೆ. ನಾಲಿಗೆಯ ಮೇಲಿಡಲು ಮಾಡಿದವು ಸಾಮಾನ್ಯವಾಗಿ ಚಪ್ಪಟೆಯಾಗಿದ್ದು, ಕೆಲವೇ ನೇರ ಗೀರುಗಳಲ್ಲಿ ರೂಪುಗೊಂಡಿರುತ್ತವೆ. ಅವುಗಳಲ್ಲಿ ದಾರ ಪೋಣಿಸುವ ರಂಧ್ರವಿರುವುದಿಲ್ಲ. ರಂಧ್ರ ಕೊರೆದವುಗಳನ್ನು ಬದುಕಿದ್ದವರೇ ಪದಕದಂತೆ ಧರಿಸುತ್ತಿದ್ದರು. ಇಬ್ಬನಿಯನ್ನಷ್ಟೇ ಕುಡಿದು ಬದುಕುತ್ತದೆಂಬ ಹಳೆಯ ನಂಬಿಕೆಯಿಂದಾಗಿ ಜೀರುಂಡೆ ಅಲ್ಲಿ ಶುದ್ಧ ನಡತೆಯ ಗುರುತಾಗಿತ್ತು. ಹಾನ್ ಆಸ್ಥಾನದ ಕೆಲವು ಅಧಿಕಾರಿಗಳ ಟೋಪಿಯನ್ನೂ ಅದರ ಆಕೃತಿ ಅಲಂಕರಿಸುತ್ತಿತ್ತು.