ನಾಸ್ಕಾರ್ ಯಜಮಾನಿಕೆ ಒಂದೇ ಮನೆಯಲ್ಲಿ ಉಳಿಯಬೇಕಾ?

ಅಮೆರಿಕದ ಸ್ಟಾಕ್ ಕಾರ್ (ಮಾಮೂಲಿ ಕಾರಿನ ಆಕಾರದ ರೇಸ್ ಕಾರು) ರೇಸ್ ಸಂಸ್ಥೆ ನಾಸ್ಕಾರ್‌ನ ಆಡಳಿತ ನೋಡಿಕೊಳ್ಳುವ ಮೊದಲ ಕಮಿಷನರ್ ಸ್ಟೀವ್ ಫೆಲ್ಪ್ಸ್ 2026ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಆ ಹುದ್ದೆ ಹುಟ್ಟಿ ಒಂದು ವರ್ಷವೂ ಆಗಿರಲಿಲ್ಲ. ಆದರೆ ಸಂಸ್ಥೆಯ ಒಡೆತನ 1948ರಿಂದಲೂ ಫ್ರಾನ್ಸ್ ಕುಟುಂಬದ್ದೇ. ಕೊನೆಯ ಮಾತೂ ಅವರದೇ ಆಗಿರಬೇಕಾ ಅನ್ನುವುದೇ ಪ್ರಶ್ನೆ.

ಪರ: ಕಟ್ಟಿದವರೇ ನಡೆಸಲಿ

1947ರ ಡಿಸೆಂಬರ್. ಫ್ಲೋರಿಡಾದ ಡೇಟೋನಾ ಬೀಚ್‌ನ ಸ್ಟ್ರೀಮ್‌ಲೈನ್ ಹೋಟೆಲಿನ ಮೇಲ್ಮಹಡಿಯಲ್ಲಿ ಮೆಕ್ಯಾನಿಕ್‌ಗಳು, ಡ್ರೈವರ್‌ಗಳು, ರೇಸ್ ನಡೆಸುವವರು ಸೇರಿದ್ದರು. ಆಗ ಊರಿಗೊಂದು ನಿಯಮ. ಟಿಕೆಟ್ ದುಡ್ಡು ಎತ್ತಿಕೊಂಡು ಪರಾರಿಯಾಗುವವರೂ ಇದ್ದರು. ಗೆದ್ದವನ ಕೈಗೆ ಬಹುಮಾನ ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ನಾಸ್ಕಾರ್ ಕಟ್ಟಿ ಅಂಥ ಆಟಕ್ಕೆ ಒಂದು ಕಟ್ಟುಪಾಡು ತಂದವರು ಬಿಲ್ ಫ್ರಾನ್ಸ್. ಆಗಿನ ಡೇಟೋನಾ ಟ್ರ್ಯಾಕ್ ಒಂದು ಬದಿ ಕಡಲ ಮರಳು, ಇನ್ನೊಂದು ಬದಿ ಡಾಂಬರು ರಸ್ತೆ. ನೀರು ಏರುವ ಹೊತ್ತು ನೋಡಿಕೊಂಡು ರೇಸ್ ಇಡಬೇಕಿತ್ತು. ಅದೇ ಊರಿನಲ್ಲಿ 1959ಕ್ಕೆ ಎರಡೂವರೆ ಮೈಲಿಯ ಸ್ಪೀಡ್‌ವೇ ಎದ್ದು ನಿಂತಿತು.

ಎಲ್ಲರೂ ಸೇರಿ ನಡೆಸಿದರೆ ಒಳ್ಳೆಯದು ಅನ್ನುವವರು ಪಕ್ಕದ ಮನೆ ಕಥೆ ನೋಡಬೇಕು. ಅಮೆರಿಕದ ಇನ್ನೊಂದು ಬಗೆಯ ಕಾರ್ ರೇಸ್ ಇಂಡಿಕಾರ್. ಆ ರೇಸ್‌ಗಳನ್ನು ನಡೆಸುತ್ತಿದ್ದ ಕಾರ್ಟ್ ಸಂಸ್ಥೆಯನ್ನು ಕಟ್ಟಿದ್ದು ತಂಡಗಳ ಮಾಲೀಕರೇ. 1996ರಲ್ಲಿ ಜಗಳ ಒಡೆದು ಎರಡು ಸರಣಿಗಳಾದವು. ಮತ್ತೆ ಒಂದಾಗಲು 2008 ಬರಬೇಕಾಯಿತು. ಅಷ್ಟರಲ್ಲಿ ಪ್ರೇಕ್ಷಕರು ಕೈಬಿಟ್ಟು ಹೋಗಿದ್ದರು. ನಾಸ್ಕಾರ್ ಯಾವತ್ತೂ ಹಾಗೆ ಒಡೆಯಲಿಲ್ಲ. ಕೊನೆಯ ಮಾತು ಯಾರದು ಅನ್ನುವುದು ಎಲ್ಲರಿಗೂ ಗೊತ್ತಿತ್ತಲ್ಲ!

ಕೋವಿಡ್ ಕಾಲದಲ್ಲೂ ಅಷ್ಟೇ. 2020ರ ಮೇ 17ಕ್ಕೇ ಡಾರ್ಲಿಂಗ್ಟನ್‌ನಲ್ಲಿ ಖಾಲಿ ಗ್ಯಾಲರಿಗಳ ಮುಂದೆ ರೇಸ್ ಶುರುವಾಯಿತು. ಮುಂದಿನ ತಲೆಮಾರಿನ ಬೆನ್ ಕೆನಡಿ, ಬಿಲ್ ಫ್ರಾನ್ಸ್ ಅವರ ಮರಿಮೊಮ್ಮಗ, ಸುಮ್ನೆ ಹೆಸರಿನ ಬಲದಿಂದ ಬಂದವರಲ್ಲ. ನಾಸ್ಕಾರ್ ನಡೆಸುವ ಟ್ರಕ್ ರೇಸ್ ಸರಣಿಯಲ್ಲಿ ತಾವೇ ಓಡಿಸಿ, 2016ರಲ್ಲಿ ಬ್ರಿಸ್ಟಲ್‌ನಲ್ಲಿ ಗೆದ್ದವರು. ಹೊರಗಿನಿಂದ ಬರುವ ಹೂಡಿಕೆದಾರನಿಗೆ ಲಾಭದ ಲೆಕ್ಕ ಗೊತ್ತಿರುತ್ತದೆ. ಗ್ಯಾರೇಜಿನ ವಾಸನೆ ಗೊತ್ತಿರುತ್ತದಾ?

ವಿರೋಧ: ಒಡೆತನ ಇರಲಿ, ತೀರ್ಪು ಬೇಡ

ಕಟ್ಟಿದ್ದು ಅವರೇ, ಒಪ್ಪೋಣ. ಆದರೆ ಗಂಟೆಗೆ 200 ಮೈಲಿ ವೇಗದಲ್ಲಿ ಜೀವ ಪಣಕ್ಕಿಟ್ಟವರು ಬೇರೆಯವರು.

1969ರ ಸೆಪ್ಟೆಂಬರ್, ಟ್ಯಾಲಡೀಗಾ. ಬಿಲ್ ಫ್ರಾನ್ಸ್ ಆಗಷ್ಟೇ ಕಟ್ಟಿಸಿದ ಟ್ರ್ಯಾಕ್. ಅಭ್ಯಾಸದಲ್ಲೇ ಟೈರ್‌ಗಳು ಕಿತ್ತುಬರುತ್ತಿದ್ದವು. ಡ್ರೈವರ್‌ಗಳು ಆಗ ತಾನೇ ಒಂದು ಸಂಘ ಕಟ್ಟಿಕೊಂಡಿದ್ದರು, ಮುಂದೆ ನಿಂತವರು ರಿಚರ್ಡ್ ಪೆಟ್ಟಿ. ರೇಸ್ ಮುಂದೂಡಿ ಅಂದರು. ಬಿಲ್ ಫ್ರಾನ್ಸ್ ಒಪ್ಪಲಿಲ್ಲ. ಭಯವಿಲ್ಲ ಎಂದು ತೋರಿಸಲು ಸುಮಾರು 60ರ ವಯಸ್ಸಿನಲ್ಲಿ ತಾವೇ ಕಾರು ಹತ್ತಿ ಸುತ್ತು ಹಾಕಿದರು. ದೊಡ್ಡ ಡ್ರೈವರ್‌ಗಳು ಗಂಟುಮೂಟೆ ಕಟ್ಟಿ ಹೊರಟೇಬಿಟ್ಟರು. ಉಳಿದವರನ್ನು ಇಟ್ಟುಕೊಂಡೇ ರೇಸ್ ನಡೆಯಿತು, ರಿಚರ್ಡ್ ಬ್ರಿಕ್‌ಹೌಸ್ ಗೆದ್ದರು. ಸಂಘ ಮತ್ತೆ ತಲೆ ಎತ್ತಲಿಲ್ಲ. ಬಿಲ್ ಫ್ರಾನ್ಸ್ ಅವರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಟೈರ್ ಗಟ್ಟಿಯಾ ಅನ್ನುವ ಪ್ರಶ್ನೆಗೆ ಟಿಕೆಟ್ ಮಾರಿದವರೇ ಉತ್ತರ ಹೇಳಬಾರದಿತ್ತು.

ಅದರ ಬೆಲೆ ಮುಂದೆಯೂ ತೆರಬೇಕಾಯಿತು. 2000ರ ಮೇಯಿಂದ 2001ರ ಫೆಬ್ರವರಿಯೊಳಗೆ ಆಡಮ್ ಪೆಟ್ಟಿ, ಕೆನಿ ಅರ್ವಿನ್, ಟೋನಿ ರೋಪರ್, ಡೇಲ್ ಅರ್ನ್‌ಹಾರ್ಟ್ ಎಂಬ ನಾಲ್ವರು ಡ್ರೈವರ್‌ಗಳು ಅಪಘಾತಗಳಲ್ಲಿ ಸತ್ತರು. ಕುತ್ತಿಗೆ ಕಾಯುವ ಪಟ್ಟಿ ಆಗಲೇ ಬಳಕೆಯಲ್ಲಿತ್ತು. ಕಡ್ಡಾಯವಾದದ್ದು ಮಾತ್ರ 2001ರ ಅಕ್ಟೋಬರಿನಲ್ಲಿ.

ಇವತ್ತು ಸರಣಿ ಅವರದು, ನಿಯಮ ಅವರದು, 2019ರಿಂದ ಎಷ್ಟೋ ಟ್ರ್ಯಾಕ್‌ಗಳೂ ನೇರವಾಗಿ ಸಂಸ್ಥೆಯದೇ. ಮೈದಾನವೂ ಅಂಪೈರೂ ಒಬ್ಬರದೇ ಆದಂತಾಯಿತು ಅಲ್ವಾ? 2018ರಲ್ಲಿ ಆಗಿನ ಮುಖ್ಯಸ್ಥ, ಬಿಲ್ ಫ್ರಾನ್ಸ್ ಅವರ ಮೊಮ್ಮಗ ಬ್ರಯಾನ್ ಫ್ರಾನ್ಸ್ ಕುಡಿದು ಕಾರು ಓಡಿಸಿದ ಆರೋಪದಲ್ಲಿ ಬಂಧನವಾದರು. ಅಣ್ಣನ ಮಗ ಎದ್ದ ಕುರ್ಚಿಯಲ್ಲಿ ಚಿಕ್ಕಪ್ಪ ಜಿಮ್ ಕೂತರು. ಇದಕ್ಕೆ ಬದಲಾವಣೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಚಾರ್ಟರ್ ಜಗಳವೂ ಅಲ್ಲಿಂದಲೇ ಬಂತು. ಪ್ರತಿ ರೇಸಿನಲ್ಲೂ ಜಾಗ, ಆದಾಯದಲ್ಲಿ ಪಾಲು ಖಾತ್ರಿ ಮಾಡುವ ಪರವಾನಗಿ ಅದು. ಒಟ್ಟು 36. ತಂಡಗಳು ಅದನ್ನು ಕಾಯಂ ಮಾಡಿ ಅಂದವು, ಜಿಮ್ ಫ್ರಾನ್ಸ್ ಬಗ್ಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕೊನೆಯ ಕರಾರು ಕೈಗಿಟ್ಟು, ಅದೇ ರಾತ್ರಿಯೊಳಗೆ ಸಹಿ ಹಾಕಿ ಎಂದರು ಅನ್ನುವುದು ತಂಡಗಳ ದೂರು. ಮೈಕೆಲ್ ಜೋರ್ಡನ್ ಪಾಲುದಾರರಾದ 23ಎಕ್ಸ್‌ಐ ಮತ್ತು ಫ್ರಂಟ್ ರೋ ತಂಡಗಳು ಸಹಿ ಹಾಕದೆ ಕೋರ್ಟಿಗೆ ಹೋದವು. ವಿಚಾರಣೆ ನಡೆಯುತ್ತಿರುವಾಗಲೇ, 2025ರ ಡಿಸೆಂಬರ್ 11ರಂದು ರಾಜಿಯಾಯಿತು. ಚಾರ್ಟರ್ ಕಾಯಂ ಆಯಿತು. ವರ್ಷಗಟ್ಟಲೆ ಆಗುವುದಿಲ್ಲ ಅಂದದ್ದು ಒಂಬತ್ತು ದಿನದ ವಿಚಾರಣೆಗೆ ಆಗಿಹೋಯಿತು! ಹಿರಿಯ ತಂಡ ಮಾಲೀಕ ರಿಚರ್ಡ್ ಚಿಲ್ಡ್ರೆಸ್ ಬಗ್ಗೆ ಫೆಲ್ಪ್ಸ್ ಕಳಿಸಿದ್ದ ಹಗುರ ಮಾತಿನ ಸಂದೇಶಗಳೂ ಆ ಕೇಸಿನಲ್ಲೇ ಹೊರಬಂದವು. ಫೆಲ್ಪ್ಸ್ ಹೋದರು.

ಷೇರು ಮನೆಯವರ ಹತ್ತಿರವೇ ಇರಲಿ. ಆದರೆ ಮುಂದಿನ ಕಮಿಷನರ್‌ನನ್ನು ಆರಿಸುವಾಗ ತಂಡಗಳಿಗೂ ಡ್ರೈವರ್‌ಗಳಿಗೂ ಮತ ಬೇಕು. ಸುರಕ್ಷತೆಯ ವಿಷಯದಲ್ಲಿ ಆತ ಬೇಡ ಅಂದರೆ, ಫ್ರಾನ್ಸ್ ಮನೆಯವರು ಬೇಕು ಅಂದರೂ ರೇಸ್ ನಡೆಯಬಾರದು.